ಹೊಸಿಲು ತೆಗೆಸಿದ ಮೇಲೆ

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮರಗೆಲಸದ ಆಚಾರಿ ಬಂದದ್ದು ಭಾನುವಾರ ಎಂದು ನನ್ನ ನೆನಪು. ದಿನಚರಿಯ ಪುಟ ಶನಿವಾರ ಎನ್ನುತ್ತದೆ. ಆದರೆ ಎರಡು ಮೂರು ದಿನದ್ದನ್ನು ಒಟ್ಟಿಗೆ ಬರೆಯುವ ದುರಭ್ಯಾಸ ನನಗಿರುವುದರಿಂದ ದಿನಚರಿಯನ್ನೂ ಪೂರ್ತಿ ನಂಬುವಂತಿಲ್ಲ. ಯಾರು ಯಾವ ಮಾತನ್ನು ಮೊದಲು ಆಡಿದರು, ಯಾವುದು ನಡೆದದ್ದು, ಯಾವುದು ಆಮೇಲೆ ನಾನೇ ಸೇರಿಸಿಕೊಂಡದ್ದು ಎಂಬುದೂ ಅಲ್ಲಲ್ಲಿ ಕಲಸಿಹೋಗಿದೆ. ಒಂದು ಮಾತ್ರ ಖಚಿತ. ಎನ್.ಆರ್. ಪುರದ ದೊಡ್ಡಪ್ಪನ ಮನೆಯ ಮುಂಬಾಗಿಲ ಹೊಸಿಲನ್ನು ತೆಗೆಸಿದವಳು ನಾನು.

ದೊಡ್ಡಪ್ಪ ನನ್ನ ಅಪ್ಪನ ಅಣ್ಣ. ಹೈಸ್ಕೂಲಿನಿಂದ ಡಿಗ್ರಿ ಮುಗಿಯುವವರೆಗೆ ನಾನು ಅವರ ಮನೆಯಲ್ಲಿದ್ದು ಓದಿದೆ. ಅವರಿಗೂ ದೊಡ್ಡಮ್ಮನಿಗೂ ಮಕ್ಕಳಿಲ್ಲದ ಕಾರಣ ಆ ಮನೆಯಲ್ಲಿ ನನ್ನ ಮಾತಿಗೆ ಇರಬೇಕಾದದ್ದಕ್ಕಿಂತ ಹೆಚ್ಚು ಬೆಲೆ ಇತ್ತು. ಈಗ ಕೊಪ್ಪದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುತ್ತೇನೆ, ಭಾನುವಾರಗಳಲ್ಲಿ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತೇನೆ. ದೊಡ್ಡಪ್ಪ ಊರಿನ ಬಸ್ ಸ್ಟ್ಯಾಂಡಿನಲ್ಲಿ ಖಾಸಗಿ ಬಸ್ಸುಗಳ ಏಜೆಂಟರಾಗಿದ್ದರು. ಬಸ್ಸು ಬಂದ ಕೂಡಲೇ ಹೋಗುವ ಊರುಗಳ ಹೆಸರು ಕೂಗುವುದು, ಜನ ಹತ್ತಿಸುವುದು, ಹೊತ್ತಾದ ಕೂಡಲೇ ಬಸ್ಸಿನ ಬೆನ್ನಿಗೆ ಎರಡು ಸಲ ತಟ್ಟಿ 'ರೈಟ್' ಎನ್ನುವುದು ಅವರ ಕೆಲಸ. ಅವರ ಕೂಗು ಪೇಟೆಯ ಆ ತುದಿಗೂ ಕೇಳುತ್ತಿತ್ತು. ಕೆಲಸ ಬಿಟ್ಟ ಮೇಲೂ ದಿನಾ ಬೆಳಿಗ್ಗೆ ಹೋಗಿ ಅಲ್ಲಿನ ಹೋಟೆಲಿನ ಬೆಂಚಿನಲ್ಲಿ ಕೂತು ಒಂದು ಕಾಫಿ ಕುಡಿದು ಬರುವುದನ್ನು ಬಿಟ್ಟಿರಲಿಲ್ಲ. ಪಾರ್ಕಿನ್ಸನ್ ಕಾಯಿಲೆ ಎಂದು ಶಿವಮೊಗ್ಗದ ಡಾಕ್ಟರು ಹೇಳಿದ ದಿನ ಅವರು ಕೇಳಿದ ಪ್ರಶ್ನೆ ಒಂದೇ.

"ಬಸ್ ಸ್ಟ್ಯಾಂಡಿಗೆ ಹೋಗಿ ಬರಬಹುದಾ?"

"ಹೋಗಿ. ಹೋಗದೇ ಇದ್ರೇ ತೊಂದ್ರೆ" ಎಂದಿದ್ದರು ಡಾಕ್ಟರು.

ಮೊದಮೊದಲು ಹೆಜ್ಜೆ ಚಿಕ್ಕದಾಯಿತು. ನಡೆಯುವಾಗ ಬಲಗೈ ಬೀಸುವುದು ನಿಂತಿತು. ದನಿ ಕ್ಷೀಣಿಸಿತು. ಹತ್ತಿರ ಬಗ್ಗಿ ಕಿವಿ ಕೊಡದಿದ್ದರೆ ಏನೂ ತಿಳಿಯದು. ಆದರೂ ಕೈಕೋಲು ಹಿಡಿದು ಹೊಸಿಲು ದಾಟಿ, ಮೂರು ಮೆಟ್ಟಿಲಿಳಿದು, ಬಸ್ ಸ್ಟ್ಯಾಂಡಿಗೆ ಹೋಗಿ ಬರುತ್ತಿದ್ದರು. ಹೊಸಿಲು ಸಾಕಷ್ಟು ಎತ್ತರದ್ದು, ಹಲಸಿನ ಮರದ್ದು. ಮೇಗುಂದದ ಕಡೆಯ ಅಜ್ಜನ ಮನೆ ಪಾಲಾದಾಗ ಆ ಬಾಗಿಲನ್ನು ಚೌಕಟ್ಟು ಸಮೇತ ಬಿಚ್ಚಿ ಲಾರಿಯಲ್ಲಿ ತಂದು ಇಲ್ಲಿ ಕೂರಿಸಿದ್ದರಂತೆ.

ಆ ಹೊಸಿಲು ನನ್ನ ಕಣ್ಣಿಗೆ ಬಿದ್ದದ್ದು ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರ ತಂದೆ ತಮ್ಮ ಮನೆಯ ಹೊಸಿಲು ಎಡವಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ. ಹುಡುಕಿ ಓದಿದೆ. ವಯಸ್ಸಾದವರಿರುವ ಮನೆಯಲ್ಲಿ ಹೊಸಿಲು, ಚಾಪೆ, ಕಾಲೊರಸು ಯಾವುದೂ ಅಡ್ಡ ಇರಬಾರದು ಎಂದು ಎಲ್ಲ ಕಡೆಯೂ ಬರೆದಿತ್ತು. ಅದು ಸುಳ್ಳಲ್ಲ, ಈಗಲೂ ಸುಳ್ಳಲ್ಲ. ಆ ಭಾನುವಾರವೇ ವಿಷಯ ತೆಗೆದೆ.

ದೊಡ್ಡಮ್ಮ ಒಪ್ಪಲಿಲ್ಲ. "ಹೊಸಿಲು ಕಿತ್ತ ಮನೇಲಿ ದೀಪ ಹಚ್ಚೋದು ಎಲ್ಲಿ ಮಾರಾಯ್ತಿ? ಇವ್ರು ಒಂದಿನಾನಾದ್ರೂ ಅದನ್ನ ಎಡವಿದಾರಾ?"

"ಎಡವಿದ ಮೇಲೆ ತೆಗೆಸೋದಾ?"

"ನಿನ್ನ ಓದು ನಿಂಗೆ. ನಂಗೆ ಎಂತ ಗೊತ್ತು" ಎಂದು ಅವರು ಒಳಗೆ ಹೋದರು. ಈ ಮಾತನ್ನು ಅವರು ಸೋತು ಆಡಿದರೋ ಚುಚ್ಚಿ ಆಡಿದರೋ ಆಗ ಯೋಚಿಸಲಿಲ್ಲ. ಒಪ್ಪಿಗೆ ಎಂದುಕೊಂಡೆ.

ಆಚಾರಿ ಬಂದವನು ಮೊದಲು ಕಾಯಿ ಒಡೆಸಿ ಕೈಮುಗಿದ. ಆಮೇಲೆ ಎರಡೂ ಕಡೆ ಗರಗಸ ಹಾಕಿ ಹೊಸಿಲನ್ನು ಎಬ್ಬಿಸಿದ. ಅದಿದ್ದ ಜಾಗಕ್ಕೆ ಸಿಮೆಂಟು ತುಂಬಿ ನೆಲದ ಮಟ್ಟಕ್ಕೆ ನುಣುಪು ಮಾಡಿದ. ದಿನಚರಿಯಲ್ಲಿ ಅವತ್ತು ಎರಡೇ ವಾಕ್ಯ: 'ಹೊಸಿಲು ತೆಗೆಸಿದ್ದಾಯಿತು. ನಿರಾಳ.'

ಸಿಮೆಂಟು ಒಣಗಿದ ಮೇಲೆ ದೊಡ್ಡಪ್ಪ ಬಾಗಿಲಲ್ಲಿ ನಿಲ್ಲತೊಡಗಿದರು. ಒಳಗಿನಿಂದ ಸರಿಯಾಗಿಯೇ ನಡೆದು ಬರುವರು. ಚೌಕಟ್ಟಿನ ಹತ್ತಿರ ಬಂದ ಕೂಡಲೇ ಎರಡೂ ಪಾದ ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುತ್ತಿದ್ದವು. ಮೈ ಮುಂದಕ್ಕೆ ವಾಲುತ್ತಿತ್ತು, ಮೊಣಕಾಲು ಅದುರುತ್ತಿತ್ತು, ಪಾದ ಮಾತ್ರ ಏಳುತ್ತಿರಲಿಲ್ಲ. ಹೇಗೋ ದಾಟಿದರೆ ಮುಂದಿನ ಮೂರು ಮೆಟ್ಟಿಲನ್ನು ಏನೂ ಆಗದವರಂತೆ ಇಳಿಯುತ್ತಿದ್ದರು. ನಮಗೆ ಅನುಮಾನ ಹುಟ್ಟಿಸಿದ್ದೇ ಅದು.

"ಮೆಟ್ಟಿಲು ಇಳಿಯೋಕೆ ಬರತ್ತೆ, ಸಪಾಟು ನೆಲ ದಾಟೋಕೆ ಬರಲ್ವಾ?" ದೊಡ್ಡಮ್ಮ ಕೇಳುತ್ತಿದ್ದರು.

"ಎಂತ ಮಾಡೋದು. ಎಷ್ಟು ಗಾಡಿ ಹೊರಡಿಸಿದ್ದೀನಿ. ನನ್ನ ಗಾಡಿ ಸ್ಟಾರ್ಟೇ ಆಗಲ್ಲ" ಎನ್ನುತ್ತಿದ್ದರು ದೊಡ್ಡಪ್ಪ. ಅದೂ ಅವರ ಹತ್ತಿರ ನಿಂತವರಿಗೆ ಮಾತ್ರ ಕೇಳಿಸುತ್ತಿತ್ತು.

ಪಕ್ಕದ ಮನೆಯವರು ಒಂದು ದಿನ ನನ್ನನ್ನು ಬೇಲಿಯ ಹತ್ತಿರ ಕರೆದು, "ಸಿಟ್ಟು ಮಾಡ್ಕೋಬೇಡ, ಸ್ವಲ್ಪ ನಾಟಕ ಅನ್ಸತ್ತೆ ನಂಗೆ. ಹೊಸಿಲು ತೆಗ್ದಿದ್ದು ಅವ್ರಿಗೆ ಇಷ್ಟ ಇಲ್ಲ, ಅದ್ಕೇ ಹಠ" ಎಂದರು. ಸಿಟ್ಟು ಬಂತು. ಆದರೆ ರಾತ್ರಿ ಬರೆಯುವಾಗ ಹಠ ಎಂಬ ಪದವನ್ನು ನಾನೂ ಬರೆದಿದ್ದೇನೆ. ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಇದೆ. ಅದನ್ನು ಅವತ್ತೇ ಹಾಕಿದೆನೋ, ನಾಚಿಕೆಯಾಗಿ ಆಮೇಲೆ ಸೇರಿಸಿದೆನೋ, ಹೇಳಲಾರೆ. ಶಾಯಿಯ ಬಣ್ಣ ಬೇರೆಯಂತೆ ಕಾಣುತ್ತದೆ.

ಊರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಒಳ್ಳೆಯವರು, ನಮ್ಮ ಮನೆಯ ಎಲ್ಲರ ಜ್ವರವನ್ನೂ ನೋಡಿದವರು. "ಸ್ವಲ್ಪ ನಡೆದು ತೋರ್ಸಿ" ಎಂದರು. ದೊಡ್ಡಪ್ಪ ಆ ಕೋಣೆಯ ಗೋಡೆಯಿಂದ ಗೋಡೆಗೆ, ಡಾಕ್ಟರು ನೋಡುತ್ತಿದ್ದಾರೆ ಎಂದು ಮೈಯೆಲ್ಲ ಎಚ್ಚರವಾಗಿಸಿಕೊಂಡು, ಸಿಪಾಯಿಯ ಹಾಗೆ ನಡೆದರು.

"ಚೆನ್ನಾಗೇ ನಡೀತಾರಲ್ಲ. ಧೈರ್ಯ ತುಂಬಿ, ಅಷ್ಟೇ."

ಧೈರ್ಯ ತುಂಬಲು ನಾನು ಕಂಡುಕೊಂಡ ದಾರಿ ಕೈಹಿಡಿದು ಎಳೆಯುವುದು. ಮುಂದಿನ ಭಾನುವಾರ ಅವರು ಬಾಗಿಲಲ್ಲಿ ನಿಂತಾಗ ಎರಡೂ ಕೈ ಹಿಡಿದೆ. "ಬನ್ನಿ ದೊಡ್ಡಪ್ಪ, ಬೇಗ, ಒಂದೇ ಹೆಜ್ಜೆ, ಬನ್ನಿ ಬನ್ನಿ" ಎಂದೆ. ಅವರ ಮೈ ಬಂತು, ಕಾಲು ಬರಲಿಲ್ಲ. ನನ್ನ ಮೇಲೆಯೇ ಬೀಳಬೇಕಾದವರು ಪಕ್ಕಕ್ಕೆ ಹೊರಳಿ ಬಿದ್ದರು. ಎಡ ಮಣಿಕಟ್ಟು ಮುರಿಯಿತು. ಪ್ಲಾಸ್ಟರು ಹಾಕಿಸಿಕೊಂಡು ಬಂದ ಮೇಲೆ, ನಾನು ನೋಡಿದಂತೆ, ಅವರು ಬಾಗಿಲ ಕಡೆಗೇ ಹೋಗಲಿಲ್ಲ. ಬಸ್ ಸ್ಟ್ಯಾಂಡಿನ ಹೋಟೆಲಿನವನು ಯಾರ ಕೈಯಲ್ಲೋ ಕೇಳಿ ಕಳಿಸಿದ, ಏಜೆಂಟರು ಯಾಕೆ ಬರುತ್ತಿಲ್ಲ ಎಂದು. ದೊಡ್ಡಮ್ಮ ನೆಗಡಿ ಎಂದು ಹೇಳಿ ಕಳಿಸಿದರು.

ಅದಾಗಿ ಸುಮಾರು ಎರಡು ತಿಂಗಳಿಗೆ, ಪಾರ್ಕಿನ್ಸನ್ ಇರುವವರ ನಡಿಗೆಯ ತೊಂದರೆಗಳ ಬಗ್ಗೆ ಶೃಂಗೇರಿಯಲ್ಲಿ ಒಂದು ದಿನದ ಶಿಬಿರ ಇದೆ, ಡಾಕ್ಟರಿಗೂ ನರ್ಸಿಗೂ ರೋಗಿಗೂ ಮನೆಯವರಿಗೂ ಒಟ್ಟಿಗೇ ಎಂಬ ಸುದ್ದಿ ಬಂತು. ದೊಡ್ಡಪ್ಪ ಬರುವುದಿಲ್ಲ ಎಂದು ತಲೆಯಾಡಿಸಿದರು. "ಬಸ್ಸಲ್ಲಿ ಹೋಗೋದು" ಎಂದ ಮೇಲೆ ಒಪ್ಪಿದರು. ಮನೆಯ ಬಾಗಿಲು ದಾಟಲು ಬಹಳ ಹೊತ್ತು ಹಿಡಿಯಿತು. ಬಸ್ಸು ಹತ್ತುವುದರಲ್ಲಿ ಅವರಿಗೆ ಯಾವ ತೊಂದರೆಯೂ ಇರಲಿಲ್ಲ, ಮೆಟ್ಟಿಲಲ್ಲವೇ. ಕಂಡಕ್ಟರು ಹಳಬ. ಕಿಟಕಿ ಪಕ್ಕದ ಸೀಟು ಬಿಡಿಸಿ ಕೊಟ್ಟ.

ಶಿಬಿರ ಒಂದು ವಸತಿಗೃಹದ ಮಹಡಿಯ ಹಾಲಿನಲ್ಲಿ. ದೊಡ್ಡಪ್ಪ ಕಂಬಿ ಹಿಡಿದು ಅಷ್ಟೂ ಮೆಟ್ಟಿಲು ಹತ್ತಿದರು. ಹಾಲಿನ ಬಾಗಿಲಿಗೆ ಬಂದು ನಿಂತುಬಿಟ್ಟರು. ಹಿಂದೆ ನಾಲ್ಕೈದು ಜನ ಸೇರಿದರು. ಯಾರೋ ಬೆನ್ನಿಗೆ ಕೈಹಾಕಲು ಬಂದರು.

"ಯಾರೂ ಮುಟ್ಟಬೇಡಿ" ಎಂದು ಒಳಗಿನಿಂದ ಒಂದು ದನಿ. ಮಂಗಳೂರಿನಿಂದ ಬಂದಿದ್ದ ಫಿಸಿಯೋಥೆರಪಿಸ್ಟ್ ಅದು, ನನ್ನ ವಿದ್ಯಾರ್ಥಿನಿಯರ ವಯಸ್ಸಿನ ಹುಡುಗಿ. ಬಂದು ದೊಡ್ಡಪ್ಪನ ಎದುರಿಗಲ್ಲ, ಪಕ್ಕಕ್ಕೆ ನಿಂತಳು. "ನಿಂತುಬಿಟ್ರೆ ನಿಲ್ಲಿ ಯಜಮಾನ್ರೇ. ಹೋಗ್ಲೇಬೇಕು ಅಂತ ಒದ್ದಾಡಬೇಡಿ. ಉಸಿರು ಬಿಡಿ. ಈಗ ಮೈ ಭಾರ ಎಲ್ಲ ಎಡಗಾಲಿಗೆ ಹಾಕಿ. ಬಲಗಾಲು ಹಗುರ ಆಯ್ತಲ್ಲ? ಇನ್ನು ನನ್ನ ಪಾದದ ಮೇಲಿಂದ ದಾಟಿ" ಎಂದು ತನ್ನ ಕಾಲನ್ನು ಅವರ ಮುಂದೆ ಅಡ್ಡ ಇಟ್ಟಳು.

ದೊಡ್ಡಪ್ಪ ಏನೋ ಹೇಳಿದರು. ದೊಡ್ಡಮ್ಮ ಅದನ್ನು ಜೋರಾಗಿ ಹೇಳಿದರು: "ಹೆಣ್ಮಕ್ಕಳ ಕಾಲು ದಾಟಬಾರ್ದು ಅಂತಿದಾರೆ."

ಅವಳು ಕಾಲು ತೆಗೆದು, ಜೇಬಿನಲ್ಲಿದ್ದ ಬಿಳಿ ಟೇಪನ್ನು ಬಾಗಿಲಿಗೆ ಅಡ್ಡಲಾಗಿ ಅಂಟಿಸಿದಳು. "ಹಾಗಾದ್ರೆ ಇದನ್ನ ದಾಟಿ. ಹೊರಡುವಾಗ ನಿಮಗೆ ಇಷ್ಟವಾದ ಒಂದು ಮಾತು ಹೇಳಿ."

"ರೈಟ್" ಎಂದರು ದೊಡ್ಡಪ್ಪ. ಬಲಗಾಲೆತ್ತಿ ಟೇಪು ದಾಟಿ ಒಳಗೆ ಹೋದರು.

ಬೆಳಗಿನ ಹೊತ್ತೆಲ್ಲ ಅವಳು ಪಾಠ ಮಾಡಿದಳು. ಮಿದುಳಿನಲ್ಲಿ ತಾನಾಗಿ ನಡೆಯುವ ನಡಿಗೆಯ ಲಯ ಈ ಕಾಯಿಲೆಯಲ್ಲಿ ಕೈಕೊಡುತ್ತದೆ. ಆದರೆ ಕಣ್ಣೆದುರು ದಾಟಲು ಒಂದು ಗೆರೆ ಇದ್ದರೆ, ಕಿವಿಗೆ ಒಂದು ತಾಳ ಇದ್ದರೆ ಬೇರೆ ದಾರಿಯಿಂದ ಹೆಜ್ಜೆ ಬರಬಹುದು. ಮೆಟ್ಟಿಲು ಸುಲಭವಾಗಿ, ಸಪಾಟು ನೆಲ ಕಷ್ಟವಾಗುವುದು ಅದಕ್ಕೇ. ಇಕ್ಕಟ್ಟು, ಬಾಗಿಲು, ತಿರುವು, ಆತುರ, ನಡೆಯುವಾಗ ಮಾತಾಡಿಸುವುದು, ಮಾತ್ರೆಯ ಪ್ರಭಾವ ಇಳಿಯುವ ಹೊತ್ತು ಎಲ್ಲವೂ ಕಾಲನ್ನು ಹಿಡಿಯುತ್ತವೆ. ಎಳೆಯಬಾರದು. ತಿರುಗುವಾಗ ನಿಂತಲ್ಲೇ ಗಿರಕ್ಕನೆ ತಿರುಗಿಸದೆ, ಬಸ್ಸು ತಿರುಗುವ ಹಾಗೆ ದೊಡ್ಡ ಸುತ್ತು ಹಾಕಿಸಬೇಕು. ಬಸ್ಸಿನ ಹೋಲಿಕೆಯನ್ನು ಅವಳು ದೊಡ್ಡಪ್ಪನ ಕಡೆ ನೋಡಿ ಹೇಳಿದಳು ಎಂದು ನನ್ನ ನೆನಪು. ಅದನ್ನು ಕೊಟ್ಟದ್ದು ನಾನೇ, ಆಮೇಲೆ, ಇರಬಹುದು.

ಹಿಂದಿನ ಸಾಲಿನಲ್ಲಿ ನಮ್ಮ ಊರಿನ ಡಾಕ್ಟರೂ ಕೂತಿದ್ದರು. "ನಮ್ಮ ಕೋಣೇಲಿ ಇವರೆಲ್ಲ ಚೆನ್ನಾಗಿ ನಡೀತಾರೆ. ಅಲ್ಲಿ ತೊಂದರೆ ಕಾಣಲ್ಲ ಅಂದ್ರೆ ತೊಂದರೆ ಇಲ್ಲ ಅಂತಲ್ಲ" ಎಂದು ಅವಳು ಡಾಕ್ಟರುಗಳ ಕಡೆ ತಿರುಗಿ ಹೇಳಿದಾಗ ಅವರು ಎದ್ದು ನಿಂತರು. "ಮೂವತ್ತು ವರ್ಷದಿಂದ ಪ್ರಾಕ್ಟೀಸು ಮಾಡ್ತಿದೀನಿ. ಒಬ್ಬ ಪೇಷಂಟು ಬಾಗಿಲು ದಾಟೋದನ್ನ ನಾನು ಇವತ್ತಿನವರೆಗೆ ನೋಡಿಲ್ಲ. ಅವರು ಒಳಗೆ ಬಂದಮೇಲೇ ತಲೆ ಎತ್ತೋದು" ಎಂದು ಕೂತರು.

ಮಧ್ಯಾಹ್ನ ಒಬ್ಬೊಬ್ಬರನ್ನೇ ಕೂರಿಸಿ ವಿಚಾರಿಸಿದಳು. "ಮನೇಲಿ ಯಾವಾಗ ಚೆನ್ನಾಗಿ ನಡೀತಾರೆ?" ನಾನು ನನ್ನ ದಿನಚರಿ ತೆಗೆದು ಮಾತ್ರೆಯ ಹೊತ್ತು, ಊಟದ ಹೊತ್ತು ಓದಿ ಹೇಳತೊಡಗಿದೆ.

"ಶುಕ್ರವಾರ" ಎಂದರು ದೊಡ್ಡಮ್ಮ ನಡುವೆ.

"ದೊಡ್ಡಮ್ಮ, ಅದೆಲ್ಲ ಈಗ ಬೇಡ" ಎಂದೆ.

ಪಕ್ಕದ ಕುರ್ಚಿಯವರೊಬ್ಬರು ನಕ್ಕು, "ಶುಕ್ರವಾರ ಲಕ್ಷ್ಮೀನೇ ಕೈ ಹಿಡ್ದು ದಾಟಿಸ್ತಾಳೇನೋ" ಎಂದರು.

ಹುಡುಗಿ ಬರೆಯುವುದನ್ನು ನಿಲ್ಲಿಸಿ ದೊಡ್ಡಮ್ಮನ ಕಡೆ ಕುರ್ಚಿ ಎಳೆದುಕೊಂಡಳು. "ಶುಕ್ರವಾರ ಎಂತ ಮಾಡ್ತೀರಿ ಅಮ್ಮ?"

"ಎಂತ ಮಾಡೋದು. ಇವ್ಳು ಹೊಸಿಲು ತೆಗೆಸಿದಾಳೆ. ಆದ್ರೂ ಅದಿದ್ದ ಜಾಗ ತೊಳ್ದು ಉದ್ದಕ್ಕೂ ಅರಿಶಿನ ಬಳೀತೀನಿ. ಮೇಲೆ ಎರಡೆಳೆ ರಂಗೋಲಿ, ಕುಂಕುಮ. ನಲವತ್ತು ವರ್ಷ ಮಾಡಿದ ಕೈ, ಸುಮ್ನೆ ಇರತ್ತಾ?"

"ಯಜಮಾನ್ರು ಅದನ್ನ ಮೆಟ್ತಾರಾ?"

"ಅರಿಶಿನ ಹಚ್ಚಿದ್ದು ಮೆಟ್ಟೋದಾ? ದಾಟ್ತಾರೆ. ಮುಂಚೆ ದಾಟ್ತಿದ್ದ ಹಾಗೇ. ಹೊರಗೆ ಹೋಗಲ್ಲ, ಜಗುಲಿ ತುದಿವರೆಗೆ ಬಂದು ನಿಲ್ತಾರೆ. ಶನಿವಾರದ ಹೊತ್ತಿಗೆ ಓಡಾಟಕ್ಕೆ ಅಳಿಸಿ ಹೋಗತ್ತೆ."

ನಾನು ಹೋಗುತ್ತಿದ್ದದ್ದು ಭಾನುವಾರ. ಎಷ್ಟೋ ವಾರಗಳ ದಿನಚರಿ ನನ್ನ ಕೈಯಲ್ಲಿತ್ತು, ಒಂದು ಶುಕ್ರವಾರವೂ ಅದರಲ್ಲಿರಲಿಲ್ಲ. ದೊಡ್ಡಮ್ಮನನ್ನು ಆಮೇಲೆ ಕೇಳಿದೆ, ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು. "ಹೇಳಿದ್ದೆ. ಫೋನಲ್ಲಿ. ನೀನು ಹೌದಾ ಅಂದೆ" ಎಂದರು.

ಹುಡುಗಿ ನನಗೆ ಒಂದು ಮಾತು ಹೇಳಿದಳು. ಬೈಯುವ ದನಿಯಲ್ಲಲ್ಲ. "ಹೊಸಿಲು ತೆಗೆಸಿ ಅಂತ ನಾವೇ ಎಷ್ಟೋ ಮನೆಗಳಲ್ಲಿ ಹೇಳ್ತೀವಿ ಮೇಡಂ. ಎಡವುವವರಿಗೆ ಅದು ಸರಿ. ಇವರಿಗೆ ಬಹುಶಃ ಅದೇ ಗೆರೆಯಾಗಿತ್ತು. ಮೊದಲು ನೋಡಬೇಕು, ಆಮೇಲೆ ತೆಗೀಬೇಕು."

"ಮತ್ತೆ ಹಾಕಿಸಬಹುದಾ? ಮರ ಹಾಗೇ ಇದೆ, ಬಚ್ಚಲ ಹಿಂದೆ."

ಅವಳು ದೊಡ್ಡಪ್ಪನನ್ನು ಇನ್ನೊಮ್ಮೆ ನಡೆಸಿ ನೋಡಿದಳು. ಟೇಪಿನ ಮೇಲೆ ತನ್ನ ನೋಟ್ ಪುಸ್ತಕಗಳನ್ನು ಪೇರಿಸಿ ದಾಟಿಸಿದಳು. ಅವರ ಹೆಬ್ಬೆರಳು ತಗುಲಿ ಪುಸ್ತಕ ಉರುಳಿತು. "ಈಗ ಅಷ್ಟು ಎತ್ತರ ಬೇಡ. ಗೆರೆ ಸಾಕು" ಎಂದಳು. ಹೊಸಿಲು ಇರುವವರೆಗೆ ಅವರು ಅದನ್ನು ದಾಟುತ್ತಿದ್ದರು. ಅದಿಲ್ಲದ ತಿಂಗಳುಗಳಲ್ಲಿ, ಕೈ ಮುರಿದು ಕೂತ ತಿಂಗಳುಗಳಲ್ಲಿ, ಕಾಲು ಆ ಎತ್ತರವನ್ನು ಕಳೆದುಕೊಂಡಿತ್ತು. ಕಾಯಿಲೆಯೇ ಅಷ್ಟು ಮುಂದುವರಿದಿತ್ತು ಎಂದೂ ಹೇಳಬಹುದು. ಹುಡುಗಿ ಹಾಗೆಯೇ ಹೇಳಿದಳು. ನನ್ನನ್ನು ಸಮಾಧಾನ ಮಾಡಲು ಹೇಳಿದಳೋ ಏನೋ.

ಮನೆಗೆ ಬಂದ ಮೇಲೆ ದೊಡ್ಡಮ್ಮ ದಿನಾ ಬೆಳಿಗ್ಗೆ ಅರಿಶಿನ ಬಳಿಯತೊಡಗಿದರು. ನಾನು ಹಳದಿ ಪೇಂಟು ತಂದು ಪಟ್ಟಿ ಎಳೆಸಿದೆ. "ಪೇಂಟು ಅರಿಶಿನ ಆಗಲ್ಲ" ಎಂದು ಅವರು ಅದರ ಮೇಲೂ ಬಳಿದರು. ಬಚ್ಚಲಿಗೆ ಹೋಗುವ ದಾರಿಯಲ್ಲಿ ಹೆಜ್ಜೆಯ ಅಳತೆಗೆ ಟೇಪು ಅಂಟಿಸಿದೆವು. ದೊಡ್ಡಪ್ಪ ಮೂರನೆಯ ದಿನವೋ ನಾಲ್ಕನೆಯ ದಿನವೋ 'ರೈಟ್' ಎಂದು ಬಾಗಿಲು ದಾಟಿ, ದೊಡ್ಡಮ್ಮನನ್ನು ಪಕ್ಕಕ್ಕಿಟ್ಟುಕೊಂಡು, ಬಸ್ ಸ್ಟ್ಯಾಂಡಿಗೆ ಹೋದರು. ಹೋಟೆಲಿನವನು "ನೆಗಡಿ ವಾಸಿ ಆಯ್ತಾ?" ಎಂದು ಕೇಳಿದನಂತೆ. ಒಂದು ಮಳೆಗಾಲ, ಒಂದು ಚಳಿಗಾಲ ಹಾಗೆ ಹೋಗಿ ಬಂದರು. ಎಲ್ಲ ದಿನವೂ ಅಲ್ಲ. ಮಾತ್ರೆ ಇಳಿದ ಹೊತ್ತಿನಲ್ಲಿ ಗೆರೆಯೂ ಸಹಾಯ ಮಾಡುತ್ತಿರಲಿಲ್ಲ, ರೈಟೂ ಮಾಡುತ್ತಿರಲಿಲ್ಲ. ಆಗ ಕುರ್ಚಿ ತಂದು ಬಾಗಿಲಲ್ಲೇ ಕೂರಿಸಿ ಕಾಯುತ್ತಿದ್ದೆವು. ಈ ವರ್ಷ ಅವರು ಹೊರಗೆ ಹೋಗಿಲ್ಲ. ಬಾಗಿಲವರೆಗೆ ಬರುತ್ತಾರೆ, ಗೆರೆ ನೋಡುತ್ತಾರೆ, ಕೆಲವು ದಿನ ದಾಟಿ ಜಗುಲಿಯಲ್ಲಿ ಕೂರುತ್ತಾರೆ.

ಇದನ್ನೆಲ್ಲ ಈಗ ಬರೆಯಲು ಕಾರಣವಿದೆ. ಮುಂದಿನ ತಿಂಗಳು ಕೊಪ್ಪದಲ್ಲಿ ಅಂಥದೇ ಶಿಬಿರವಿದೆ. ಮನೆಯವರಿಗೆ ಹಂಚಲು ಒಂದು ಪುಟದ ತಿಳಿವಳಿಕೆ ಪತ್ರ ಬೇಕು, ಸುಲಭದ ಕನ್ನಡದಲ್ಲಿ, ನೀವೇ ಬರೆದುಕೊಡಿ ಎಂದು ಆ ಹುಡುಗಿ ಕೇಳಿದ್ದಾಳೆ. ಎಳೆಯಬೇಡಿ, ಅವಸರ ಮಾಡಬೇಡಿ, ಗೆರೆ ಹಾಕಿ, ತಾಳ ಎಣಿಸಿ, ಫೋನಿನಲ್ಲಿ ವಿಡಿಯೋ ಮಾಡಿ ಡಾಕ್ಟರಿಗೆ ತೋರಿಸಿ ಎಂಬಲ್ಲಿಯವರೆಗೆ ಸರಾಗವಾಗಿ ಬಂತು. ಹೊಸಿಲಿನ ವಿಷಯಕ್ಕೆ ಬಂದು ನಿಂತೆ. ನಾಲ್ಕು ಸಲ ಬರೆದು ಹೊಡೆದುಹಾಕಿದ ಮೇಲೆ ಹೀಗೆ ಬರೆದೆ: 'ಹೊಸಿಲನ್ನು ತೆಗೆಯುವ ಮೊದಲು ಅವರು ಅದನ್ನು ಹೇಗೆ ದಾಟುತ್ತಾರೆ ನೋಡಿ. ಗೊತ್ತಿದ್ದವರಿಗೆ ತೋರಿಸಿ. ಅವರನ್ನೇ ಕೇಳಿ.'

ಕೊನೆಯ ವಾಕ್ಯ ಬರೆದ ಮೇಲೆ ಕೈ ಮುಂದುವರಿಯಲಿಲ್ಲ. ಮೇಲೆ ಬರೆದದ್ದರಲ್ಲಿ ಒಂದು ಸಂಗತಿಯನ್ನು ನಾನು ಬಿಟ್ಟಿದ್ದೇನೆ. ಆಚಾರಿ ಗರಗಸ ಇಟ್ಟಾಗ ದೊಡ್ಡಪ್ಪ ಅಲ್ಲೇ ಕುರ್ಚಿಯಲ್ಲಿದ್ದರು. ಅವರ ತುಟಿ ಅಲುಗಿದ್ದನ್ನು ನೋಡಿದೆ. ಗರಗಸದ ಸದ್ದಿಗೆ ಏನೂ ಕೇಳಿಸಲಿಲ್ಲ. ಬಾಯಾರಿಕೆ ಎಂದುಕೊಂಡು ಒಳಗಿನಿಂದ ನೀರು ತಂದುಕೊಟ್ಟೆ. ಅವರು ಲೋಟ ತೆಗೆದುಕೊಂಡರು, ಕುಡಿದರು. ಅಥವಾ ಕೈಯಲ್ಲಿ ಹಿಡಿದುಕೊಂಡಷ್ಟೇ ಇದ್ದರು. ಈ ಚಿತ್ರ ದಿನಚರಿಯಲ್ಲಿ ಎಲ್ಲಿಯೂ ಇಲ್ಲ. ಅಪರಾಧಿ ಭಾವವೇ ಇದನ್ನು ಆಮೇಲೆ ಕಟ್ಟಿದ್ದೂ ಇರಬಹುದು. ಆದರೆ ಚಿತ್ರದಲ್ಲಿ ದೊಡ್ಡಮ್ಮ ಇದ್ದಾರೆ, ದೊಡ್ಡಪ್ಪನ ಕುರ್ಚಿಗೆ ಬಗ್ಗಿ, ಕಿವಿ ಹತ್ತಿರ ಕೊಟ್ಟು.

ದೊಡ್ಡಪ್ಪನನ್ನೇ ಕೇಳಬಹುದು. ಕೇಳಿದರೆ, ನನಗೆ ನೋವಾಗಬಾರದೆಂದು, ಏನೂ ಹೇಳಲಿಲ್ಲ ಎಂದು ಹೇಳುತ್ತಾರೆ. ದೊಡ್ಡಮ್ಮ ಹಾಗೆ ಹೇಳುವವರಲ್ಲ. ಆದ್ದರಿಂದ ಹೋದ ಭಾನುವಾರ, ಅವರು ಹಿತ್ತಲ ಕಟ್ಟೆಯಲ್ಲಿ ಕೂತು ಕೆಸುವಿನ ಸೊಪ್ಪಿನ ದಂಟು ಸುಲಿಯುತ್ತಿದ್ದಾಗ ಪಕ್ಕದಲ್ಲಿ ಕೂತು ಕೇಳಿದೆ. ಅವರು ಕೈಯಲ್ಲಿದ್ದ ದಂಟು ಪೂರ್ತಿ ಸುಲಿದರು, ಇನ್ನೊಂದು ತೆಗೆದುಕೊಂಡರು. "ಹೊತ್ತಾಯ್ತು, ನಿಂಗೆ ಬಸ್ಸು ತಪ್ಪತ್ತೆ" ಎಂದರು. ನಿನ್ನೆ ಫೋನಿನಲ್ಲಿ ಅದನ್ನೇ ಮತ್ತೆ ಕೇಳಿದೆ.

"ಆಚಾರಿ ಬಂದ ದಿನ ದೊಡ್ಡಪ್ಪ ನಿಮ್ಮ ಕಿವೀಲಿ ಎಂತ ಹೇಳಿದ್ರು, ದೊಡ್ಡಮ್ಮ?"